ನಮಗೆ ವೇದಿಕೆ ಬೇಡ, ಒಂದು ರೂಮು ಸಾಕು

ಕಳೆದ ಕಾಲೇಜ್ ಡೇ ದಿನ ನಮ್ಮ ಬ್ಯಾಂಡಿಗೆ ಸಿಕ್ಕಿದ್ದು ಆರು ನಿಮಿಷ. ಅದರಲ್ಲಿ ಎರಡು ನಿಮಿಷ ಮೈಕ್ ಕೂಗಿತು. ಒಂದು ನಿಮಿಷ ಕರೆಂಟ್ ಇರಲಿಲ್ಲ. ಉಳಿದ ಮೂರು ನಿಮಿಷ ನಾವು ನುಡಿಸಿದೆವು. ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ಹೊರಗೆ ಹೋದರು. ಅವರಿಗೆ ಫೋನ್ ಬಂದಿರಬಹುದು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಮರುದಿನದಿಂದ ಕಾಲೇಜಿನಲ್ಲಿ ಎರಡು ಮಾತು ಓಡಾಡುತ್ತಿವೆ. ಒಂದು, "ಈ ರಾಕ್ ಗೀಕ್ ಎಲ್ಲ ಓದುವ ಮಕ್ಕಳಿಗೆ ಯಾಕೆ? ಮುಂದಿನ ವರ್ಷ ಬೇಡ." ಇನ್ನೊಂದು ನಮ್ಮ ಗೆಳೆಯರದು, "ಮುಂದಿನ ವರ್ಷ ಇವರಿಗೆ ಅರ್ಧ ಗಂಟೆ ಕೊಡಿ ಸರ್." ಬ್ಯಾಂಡಿನಲ್ಲಿ ಗಿಟಾರ್ ಹಿಡಿದವನು ನಾನೇ ಆದರೂ ನನಗೆ ಈ ಎರಡೂ ಮಾತು ಒಪ್ಪಿಗೆಯಿಲ್ಲ. ಕಾಲೇಜ್ ಡೇಗೆ ನಮ್ಮನ್ನು ಹತ್ತಿಸದಿದ್ದರೂ ಪರವಾಗಿಲ್ಲ. ವಾರಕ್ಕೆ ಒಂದು ಸಲ, ಮುಕ್ಕಾಲು ಗಂಟೆ, ಯಾರೂ ಕೇಳದ ಒಂದು ರೂಮು ಕೊಡಿ. ಇದನ್ನು ಅರ್ಜಿಯಲ್ಲಿ ಬರೆದುಕೊಟ್ಟಿದ್ದೇನೆ. ಅರ್ಜಿಯಲ್ಲಿ ಹಿಡಿಸದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು "ಜಾಮ್" ಅಂದರೆ ಏನು ಎಂದು ಹೇಳಬೇಕು. ಬ್ರೆಡ್ಡಿಗೆ ಹಚ್ಚುವುದು ಮತ್ತು ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಳ್ಳುವುದು ನಮಗೆ ಗೊತ್ತು. ಸಂಗೀತದಲ್ಲಿ ಜಾಮ್ ಅಂದರೆ ನಾಲ್ಕೈದು ಜನ ಕೂತು, ಮೊದಲೇ ಬರೆದಿಡದ ಸಂಗೀತವನ್ನು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಾ ಅಲ್ಲೇ ಕಟ್ಟುವುದು. ಇದನ್ನೇ ಬದುಕು ಮಾಡಿಕೊಂಡ ಬ್ಯಾಂಡುಗಳಿವೆ. ಅಮೆರಿಕದ ಫಿಶ್ ಅಂಥದ್ದು. 1983ರಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಹುಡುಗರು ಸೇರಿ ಶುರು ಮಾಡಿದ್ದು. ಅದೇ ವರ್ಷ ಡಿಸೆಂಬರಿನಲ್ಲಿ ಕ್ಯಾಂಪಸ್ಸಿನ ಊಟದ ಹಾಲಿನಲ್ಲಿ ಅವರು ಮೊದಲ ಸಲ ನುಡಿಸಿದಾಗ, ಸಾಕಪ್ಪಾ ಎಂದು ಮೈಕಲ್ ಜಾಕ್ಸನ್ ಹಾಡು ಜೋರಾಗಿ ಹಾಕಿ ಅವರನ್ನು ಮುಚ್ಚಿಸಿದರು ಎಂಬ ಕಥೆ ಪ್ರಸಿದ್ಧ. ನಮ್ಮ ಕಾಲೇಜ್ ಡೇ ನೆನಪಾಯಿತಲ್ಲವೇ? ಅದೇ ಬ್ಯಾಂಡು 2017ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 13 ರಾತ್ರಿ ನುಡಿಸಿತು. ಆ 13 ರಾತ್ರಿಗಳಲ್ಲಿ ಒಂದು ಹಾಡನ್ನೂ ಎರಡನೇ ಸಲ ನುಡಿಸಲಿಲ್ಲ.

ಅವರ ಅಭ್ಯಾಸದ ಒಂದು ವಿಧಾನ ಓದಿ ನನಗೆ ತಲೆ ತಿರುಗಿತು. ಒಬ್ಬ ಒಂದು ಸಣ್ಣ ತುಣುಕು ಶುರು ಮಾಡುತ್ತಾನೆ. ಉಳಿದವರು ಅದಕ್ಕೆ ಹೊಂದುವುದನ್ನು ಹುಡುಕುತ್ತಾ ನುಡಿಸುತ್ತಾರೆ. ಉಳಿದವರೆಲ್ಲ ಹುಡುಕಾಟ ನಿಲ್ಲಿಸಿ ತಮ್ಮ ಜಾಗಕ್ಕೆ ಬಂದು ಕೂತರು ಎಂದು ಅನಿಸಿದ ಕೂಡಲೇ ಪ್ರತಿಯೊಬ್ಬನೂ "ಹೇ" ಅನ್ನಬೇಕು. ನಾನು ಸರಿಯಾಗಿ ನುಡಿಸಿದೆ ಎಂದು "ಹೇ" ಅನ್ನುವಂತಿಲ್ಲ, ನನ್ನ ಕಿವಿ ಪೂರ್ತಿ ಉಳಿದ ಮೂವರ ಮೇಲೆ ಇರಬೇಕು. ಎಲ್ಲರ "ಹೇ" ಒಟ್ಟಿಗೆ ಬಂದರೆ ಆ ತುಣುಕು ಮುಗಿಯಿತು, ಮುಂದಿನವನ ಸರದಿ.

ನಾವೂ ಮಾಡಿ ನೋಡಿದೆವು. ನಮ್ಮ ಅಭ್ಯಾಸ ನಡೆಯುವುದು ಶಿಡ್ಲಘಟ್ಟದಲ್ಲಿ, ಅಬ್ಬಾ ಅವರ ರೀಲಿಂಗ್ ಶೆಡ್ಡಿನಲ್ಲಿ, ಶುಕ್ರವಾರ ಸಂಜೆ ಕೆಲಸ ನಿಂತ ಮೇಲೆ. ರೇಷ್ಮೆ ಬಿಚ್ಚುವ ಮನೆಗಳವರಿಗೆ ಆ ಶೆಡ್ಡಿನ ವಾಸನೆ ಬಿಡಿಸಿ ಹೇಳಬೇಕಾಗಿಲ್ಲ. ಬೇಯಿಸಿದ ಗೂಡು, ಸತ್ತ ಹುಳು, ಬಿಸಿನೀರು. ಕೀಬೋರ್ಡಿನ ಗೆಳೆಯ ಸೈನ್ಸ್ ಸೆಕ್ಷನ್ನಿನವನು, ಚಿಕ್ಕಬಳ್ಳಾಪುರದಿಂದ ಬರುತ್ತಾನೆ. ಮೊದಲ ಎರಡು ವಾರ ಮೂಗಿಗೆ ಕರ್ಚೀಫ್ ಕಟ್ಟಿಕೊಂಡೇ ನುಡಿಸಿದ. ಡ್ರಮ್ಮು ನಮ್ಮ ಹತ್ತಿರ ಇಲ್ಲ. ಗೂಡು ತರುವ ಪ್ಲಾಸ್ಟಿಕ್ ಕ್ರೇಟನ್ನು ಬೋರಲು ಹಾಕಿದರೆ ಮಧ್ಯದಲ್ಲಿ ದಪ್ಪ ಸದ್ದು, ಅಂಚಿನಲ್ಲಿ ಚುರುಕು ಸದ್ದು. ನನ್ನ ಬೆಂಚಿನ ಗೆಳೆಯ ಅದನ್ನು ನುಡಿಸುತ್ತಾನೆ. ನಾಲ್ಕನೆಯವನು ಹಾಡುವವನು. ಅವನ ಗಂಟಲು ನಾತ್ ಓದಿ ಓದಿ ಹದವಾಗಿದೆ.

"ಹೇ" ಆಟ ಮೊದಲ ಸಂಜೆ ನಲವತ್ತು ನಿಮಿಷ ನಡೆಯಿತು. ಒಂದು "ಹೇ" ಕೂಡ ಬರಲಿಲ್ಲ. ಎಲ್ಲರೂ ತಮ್ಮದನ್ನೇ ಬಾರಿಸುತ್ತಿದ್ದೆವು. ನಾನಂತೂ ಯೂಟ್ಯೂಬಿನಲ್ಲಿ ಕಲಿತ ಒಂದೇ ಒಂದು ವರಸೆಯನ್ನು ಎಲ್ಲದಕ್ಕೂ ತುರುಕುತ್ತಿದ್ದೆ. ಮೂರನೇ ಶುಕ್ರವಾರ ಕ್ರೇಟಿನವನು ಸದ್ದು ತಗ್ಗಿಸಿದ. ಅವನು ತಗ್ಗಿಸಿದ್ದರಿಂದ ನಾನು ತಗ್ಗಿಸಬೇಕಾಯಿತು. ಆಗ ಕೀಬೋರ್ಡಿನವನು ಎರಡೇ ಮನೆ ಒತ್ತುತ್ತಾ ಕೂತಿದ್ದಾನೆ ಎಂದು ನನಗೆ ಮೊದಲ ಸಲ ಕೇಳಿಸಿತು. ನಾಲ್ಕು "ಹೇ" ಒಟ್ಟಿಗೆ ಬಂದವು. ಪಕ್ಕದ ಮನೆಯ ಚಾಚಿ ಜಗಳ ಆಯಿತೆಂದು ಓಡಿ ಬಂದರು.

ಬೇಸಿನ್ ಮುಂದೆ ಕೂತ ಕೆಲಸಗಾರರನ್ನು ನೋಡಿದವರಿಗೆ ಇದು ಹೊಸತೇನಲ್ಲ. ಒಂದು ಗೂಡಿನ ಎಳೆ ಮುಗಿದರೆ ಅಥವಾ ತುಂಡಾದರೆ ಅವರು ರೀಲ್ ನಿಲ್ಲಿಸುವುದಿಲ್ಲ. ತಿರುಗುತ್ತಿರುವಾಗಲೇ ಇನ್ನೊಂದು ಗೂಡಿನ ಎಳೆಯನ್ನು ಸೇರಿಸಿಬಿಡುತ್ತಾರೆ. ಹುಟ್ಟಿದಾಗಿನಿಂದ ಅದನ್ನು ನೋಡುತ್ತಾ ಬೆಳೆದವನು ನಾನು, ಆದರೂ ಜಾಮ್ ಎಂಬುದು ಇಂಗ್ಲಿಷಿನವರ ವಿದ್ಯೆ ಎಂದುಕೊಂಡಿದ್ದೆ.

ನಮ್ಮ ಸುತ್ತಲೂ ಇದು ಎಷ್ಟಿಲ್ಲ! ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ನಮ್ಮಲ್ಲಿ ಹೋಗದವರು ಕಡಿಮೆ, ಹಿಂದೂಗಳೂ ಮುಸ್ಲಿಮರೂ ಹೋಗುತ್ತಾರೆ. ಚಿಕ್ಕವನಿದ್ದಾಗ ಮಾಮೂ ಜೊತೆ ಅಲ್ಲಿ ರಾತ್ರಿ ಕವ್ವಾಲಿ ಕೇಳಿದ್ದೇನೆ. ಕವ್ವಾಲರು ಒಂದು ಸಾಲನ್ನು ಹಿಡಿದರೆ ಎಷ್ಟು ಸಲ ಹಾಡುತ್ತಾರೆ ಎಂಬುದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಕೇಳುವವರಲ್ಲಿ ಯಾರೋ ಒಬ್ಬರು ತಲೆದೂಗಿದರೆ ಆ ಸಾಲಿನಲ್ಲೇ ನಿಂತುಬಿಡುತ್ತಾರೆ, ತಬಲಾದವನು ಅದನ್ನು ನೋಡಿ ಏರಿಸುತ್ತಾನೆ. ಅದೇ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಗೆ ತಾತಯ್ಯನವರ ಹೆಸರಿನಲ್ಲಿ ಮೂರು ದಿನ ಹಗಲೂ ರಾತ್ರಿ ಸಂಗೀತ ನಡೆಯುತ್ತದೆ. ನಮ್ಮ ಮನೆಯ ಮದುವೆಗಳಲ್ಲಿ ದಾದಿ ಮತ್ತು ಅವರ ಜೊತೆಯವರು ಢೋಲಕ್ ಇಟ್ಟುಕೊಂಡು ವರನ ಅಮ್ಮನನ್ನು ಛೇಡಿಸುವ ಹಾಡು ಕಟ್ಟುವಾಗ, ಎರಡನೇ ಸಾಲು ಏನೆಂದು ಮೊದಲನೇ ಸಾಲು ಹಾಡುವವರಿಗೆ ಗೊತ್ತಿರುವುದಿಲ್ಲ. ದಾದಿಗೆ "ನೀವು ಜಾಮ್ ಮಾಡ್ತೀರಿ" ಅಂದೆ. "ತೂ ಪಹಲೇ ಪಾಸ್ ಹೋ" ಅಂದರು. ಮೊದಲು ಪಾಸಾಗು ಎಂದರ್ಥ.

ಈಗ ನಮ್ಮ ರಾಜ್ಯದ ಕಾಲೇಜ್ ಬ್ಯಾಂಡಿನ ಮಾತು. 1996ರಲ್ಲಿ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್. ಕ್ರೈಸ್ಟ್ ಕೂಡ ಒಂದು ಧಾರ್ಮಿಕ ಸಂಸ್ಥೆ ನಡೆಸುವ ಕಾಲೇಜು ಎಂಬುದನ್ನು ನಮ್ಮ ಹಿರಿಯರು ಗಮನಿಸಬೇಕು. ಕಾಲೇಜ್ ಬ್ಯಾಂಡುಗಳ ಆಯುಸ್ಸು ಸಾಮಾನ್ಯವಾಗಿ ಫೈನಲ್ ಪರೀಕ್ಷೆಯವರೆಗೆ. ಇವರದು ಹಾಗಾಗಲಿಲ್ಲ. 2000ದಲ್ಲಿ ಮೊದಲ ಆಲ್ಬಂ. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿಗೆ ಬಂದಾಗ ಅವರಿಗಿಂತ ಮುಂಚೆ ವೇದಿಕೆ ಹತ್ತಿದರು. 2002ರಲ್ಲಿ ಜುಪಿಟರ್ ಕೆಫೆ, 2005ರಲ್ಲಿ ಪ್ಲಾನ್ ಬಿ. ಆ ಹೆಸರು ಓದಿ ನಗು ಬಂತು, ನಮ್ಮ ಮನೆಗಳಲ್ಲಿ ದಿನಾ ಕೇಳುವ ಪ್ರಶ್ನೆಯೇ ಅದು. 2012ರಲ್ಲಿ ಒಂದೇ ಸಲಕ್ಕೆ ಮೂರು ಡಿಸ್ಕಿನ ಆಲ್ಬಂ ತಂದರು. ಅದರಲ್ಲಿ "ಮೀಟರ್ ಮೇಲೆ ಒನ್ ಅಂಡ್ ಎ ಹಾಫ್" ಎಂಬ ಹಾಡಿದೆ. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ಆಟೋ ಹಿಡಿದವರಿಗೆ ಹಾಡು ಕೇಳದೆಯೇ ಅರ್ಥವಾಗುತ್ತದೆ. ಹಾಡುವುದು ಇಂಗ್ಲಿಷಿನಲ್ಲೇ, ಆದರೆ ಅದು ಲಂಡನ್ನಿನ ಹಾಡಲ್ಲ, ನಮ್ಮ ಪಕ್ಕದ ಊರಿನದು. 2020ರಲ್ಲೂ ಹೊಸ ಆಲ್ಬಂ ಬಂತು. ಗಿಟಾರ್ ನುಡಿಸಿ ಹಾಡುವ ಬ್ರೂಸ್ ಲೀ ಮಣಿ ಮತ್ತು ಡ್ರಮ್ಮಿನ ರಾಜೀವ್ ರಾಜಗೋಪಾಲ್ ಮೊದಲಿನಿಂದಲೂ ಇದ್ದಾರೆ. ಉಳಿದವರು ಬಂದಿದ್ದಾರೆ, ಹೋಗಿದ್ದಾರೆ.

ಸೆಕೆಂಡ್ ಪಿಯು ಕಾಮರ್ಸಿನವರಿಗೆ ಇಲ್ಲಿ ಏನೋ ಹೊಳೆಯಬೇಕು. ಪಾಲುದಾರನ ಸೇರ್ಪಡೆ, ಪಾಲುದಾರನ ನಿವೃತ್ತಿ, ಇವೆಲ್ಲ ನಾವು ಈ ವರ್ಷ ಓದುತ್ತಿರುವ ಪಾಠಗಳೇ. ಪಾಲುದಾರರು ಬದಲಾದರೂ ಉಳಿಯುವುದು ಗುಡ್‌ವಿಲ್. ಅದನ್ನು ಹಾಗೇ ಬಿಟ್ಟರೆ ಕರಗುತ್ತದೆ. ಈ ಬ್ಯಾಂಡಿನವರು ಬೆಂಗಳೂರಿನಲ್ಲಿ ಟಾಕಾಡೆಮಿ ಎಂಬ ಸಂಗೀತ ಶಾಲೆ ತೆರೆದರು. ನುಡಿಸಲು ಕಾರ್ಯಕ್ರಮ ಇಲ್ಲದ ತಿಂಗಳಲ್ಲೂ ಕಲಿಸುವ ಕೆಲಸ ಇರುತ್ತದೆ. "ಬ್ಯಾಂಡ್ ಕಟ್ಟಿದರೆ ಊಟ ಹೇಗೆ" ಎಂದು ಕೇಳುವವರಿಗೆ ಅವರು ಕೊಟ್ಟ ಉತ್ತರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು.

ನಮ್ಮ ಬ್ಯಾಂಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ. ಒಂದು ಇಂಟರ್ ಕಾಲೇಜ್ ಫೆಸ್ಟಿನಲ್ಲಿ ಎರಡನೇ ಬಹುಮಾನ 3,000 ರೂಪಾಯಿ. ಸಂಬಂಧಿಕರ ಒಂದು ಸಮಾರಂಭದಲ್ಲಿ ನುಡಿಸಿದ್ದಕ್ಕೆ 1,000. ಒಟ್ಟು 4,000. ಖರ್ಚು: ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಕೊಂಡ ಹಳೆಯ ಗಿಟಾರ್ 2,800, ತಂತಿ ಎರಡು ಸೆಟ್ 700, ಬಸ್ಸು ಮತ್ತು ಆಟೋ 640, ಟೀ ಬನ್ನು 210. ಒಟ್ಟು 4,350. ನಷ್ಟ 350 ಎಂದು ಬರೆದು ನಮ್ಮ ಅಕೌಂಟೆನ್ಸಿ ಮೇಡಂಗೆ ತೋರಿಸಿದೆ. ಅವರು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. "ಗಿಟಾರ್ ಖರ್ಚೇನೋ? ಆಸ್ತಿ ಅಲ್ಲವೇನೋ? ಸವಕಳಿ ಮಾತ್ರ ಹಾಕು." ಶೇಕಡಾ 20ರಂತೆ ಸವಕಳಿ 560 ಹಾಕಿದೆ. ಖರ್ಚು 2,110ಕ್ಕೆ ಇಳಿಯಿತು, ಲಾಭ 1,890. ಐದು ಜನಕ್ಕೆ ತಲೆಗೆ 378. ಕಾಗದದ ಮೇಲೆ ನಾವು ಲಾಭದಲ್ಲಿದ್ದೇವೆ, ಜೇಬಿನಿಂದ ಮಾತ್ರ ಒಬ್ಬೊಬ್ಬರದು 70 ರೂಪಾಯಿ ಹೋಗಿದೆ. ಲಾಭ ಬೇರೆ ನಗದು ಬೇರೆ ಎಂದು ಪುಸ್ತಕದಲ್ಲಿ ಎಷ್ಟು ಸಲ ಓದಿದ್ದೆನೋ, ಅವತ್ತು ತಿಳಿಯಿತು.

ಆ 3,000ದ ಬಹುಮಾನ ನಮ್ಮನ್ನು ಹೆಚ್ಚೂ ಕಡಿಮೆ ಮುಗಿಸಿತ್ತು. ಕೀಬೋರ್ಡು ತನ್ನದು, ಅದರ ಬೆಲೆ ಹನ್ನೊಂದು ಸಾವಿರ, ಹಾಗಾಗಿ ತನಗೆ ಸಾವಿರ ಜಾಸ್ತಿ ಬೇಕೆಂದು ಒಬ್ಬ. ಹಾಗಾದರೆ ನನ್ನ ಕ್ರೇಟಿಗೆ ಬಾಡಿಗೆ ಕೊಡಿ ಎಂದು ಇನ್ನೊಬ್ಬ, ಕ್ರೇಟು ಅವನದೂ ಅಲ್ಲ, ನಮ್ಮ ಅಬ್ಬಾದು. ನಾನು ಮಧ್ಯೆ ಬಾಯಿ ಹಾಕಿ ಇಬ್ಬರಿಗೂ ಕೆಟ್ಟವನಾದೆ. ಮೂರು ವಾರ ನಾವು ಮಾತು ಬಿಟ್ಟೆವು. ಕ್ಯಾಂಟೀನಿನಲ್ಲಿ ಬೇರೆ ಬೇರೆ ಮೇಜು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಒಪ್ಪಂದ ಏನೂ ಇಲ್ಲದಿದ್ದರೆ ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿ ಇಲ್ಲ. ಪಾಲುದಾರ ತನ್ನ ಬಂಡವಾಳದ ಮೇಲೆ ಸಾಲ ಕೊಟ್ಟಿದ್ದರೆ ಮಾತ್ರ ಶೇಕಡಾ 6 ಬಡ್ಡಿ. ಅದನ್ನು ಓದಿ ಹೇಳಿದಾಗ ಕೀಬೋರ್ಡಿನವನು "ನಾನು ಸೈನ್ಸು, ನಿಮ್ಮ ಕಾಯ್ದೆ ನನಗೆ ಬರಲ್ಲ" ಅಂದ. ಕೊನೆಗೆ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಒಪ್ಪಂದ ಬರೆದೆವು. ಯಾರ ವಾದ್ಯ ಅವರದು, ರಿಪೇರಿ ಎಲ್ಲರದು, ಹಣ ಐದು ಪಾಲು. ಎಲ್ಲರೂ ಸಹಿ ಹಾಕಿದೆವು. ಬ್ಯಾಂಡ್ ಕಟ್ಟುವ ಜೂನಿಯರ್‌ಗಳಿಗೆ ನನ್ನ ಮಾತು, ಈ ಹಾಳೆಯನ್ನು ಮೊದಲ ದಿನವೇ ಬರೆಯಿರಿ. ಬಹುಮಾನ ಬಂದ ಮೇಲೆ ಬರೆಯುವುದು ಬಹಳ ಕಷ್ಟ.

ನಾಲ್ವರು ನುಡಿಸುವವರು, ಪಾಲು ಐದು ಯಾಕೆ ಎಂದು ಕೆಲವರು ಕೇಳುತ್ತೀರಿ. ಐದನೆಯವಳು ನಮ್ಮ ಹಾಡು ಬರೆದವಳು. ನಮ್ಮ ಕ್ಲಾಸಿನವಳೇ, ಹೆಸರು ಬರೆಯಬೇಡ ಎಂದಿದ್ದಾಳೆ. ಮನೆಯಲ್ಲಿ ಉರ್ದು, ಬರೆಯುವುದು ಕನ್ನಡದಲ್ಲಿ. ಬೆಳಗಿನ ಬಸ್ಸಿನ ಕಿಟಕಿಯಿಂದ ಕಾಣುವ ನಂದಿ ಬೆಟ್ಟದ ಮೇಲೆ ಅವಳು ಬರೆದ ಹಾಡನ್ನೇ ನಾವು ಕಾಲೇಜ್ ಡೇಗೆ ನುಡಿಸಿದ್ದು. ಬರೆದವರಿಗೂ ಪಾಲಿದೆ ಎಂಬುದು ನಮ್ಮ ದೊಡ್ಡತನ ಏನಲ್ಲ. ಸಿನಿಮಾ ಹಾಡು ಬರೆದವರ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಲು ಈ ದೇಶ 1957ರ ಕಾಪಿರೈಟ್ ಕಾಯ್ದೆಯನ್ನು 2012ರಲ್ಲಿ ತಿದ್ದಬೇಕಾಯಿತು.

ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದೂ ಅವಳ ವಿಷಯವೇ. ಅವಳು ಒಂದು ದಿನವೂ ನಮ್ಮ ಅಭ್ಯಾಸ ಕೇಳಿಲ್ಲ. ಶುಕ್ರವಾರ ಸಂಜೆ ಹುಡುಗರಷ್ಟೇ ಇರುವ ಶೆಡ್ಡಿಗೆ ಅವಳ ಮನೆಯಲ್ಲಿ ಕಳಿಸುವುದಿಲ್ಲ. ಕಳಿಸಿ ಎಂದು ನಾನೂ ಕೇಳಲಾರೆ, ನನ್ನ ತಂಗಿಯನ್ನು ನಮ್ಮ ಮನೆಯಲ್ಲೂ ಕಳಿಸುವುದಿಲ್ಲ. ಹಾಳೆಯಲ್ಲಿ ಬರೆದ ಸಾಲುಗಳನ್ನು ಲೈಬ್ರರಿ ಮುಂದೆ ಕೊಡುತ್ತಾಳೆ, ನಾವು ತಾಳಕ್ಕೆ ಕೂರಲಿಲ್ಲ ಎಂದು ಪದ ಬದಲಾಯಿಸುತ್ತೇವೆ, ಅವಳನ್ನು ಕೇಳುವುದೂ ಇಲ್ಲ. ತನ್ನ ಹಾಡನ್ನು ಅವಳು ಮೊದಲ ಸಲ ಕೇಳಿದ್ದು ಕಾಲೇಜ್ ಡೇ ದಿನ, ಕೂಗುವ ಮೈಕಿನಲ್ಲಿ, ಮೂರು ನಿಮಿಷ. ಆಮೇಲೆ ಬಂದು ಒಂದೇ ಮಾತು ಹೇಳಿದಳು, "ಎರಡನೇ ಚರಣ ಎಲ್ಲಿ ಹೋಯಿತು?" ಟೈಮ್ ಸಾಲದೆ ನಾವು ಬಿಟ್ಟಿದ್ದೆವು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾಲೇಜಿನ ಒಳಗೇ ಒಂದು ರೂಮು, ಬಾಗಿಲು ತೆರೆದಿರಲಿ, ಒಬ್ಬರು ಮೇಡಂ ಕೂತಿರಲಿ. ಅಷ್ಟಾದರೆ ಅವಳು ಬರಬಹುದು. ಅವಳಂತೆ ಬರೆಯುವವರು, ಹಾಡುವವರು ಇನ್ನೂ ಎಷ್ಟು ಜನ ಇದ್ದಾರೋ ಆಗ ಗೊತ್ತಾಗುತ್ತದೆ. ಕಾಲೇಜ್ ಡೇಗೆ ಅರ್ಧ ಗಂಟೆ ಕೊಟ್ಟರೆ ಆ ಅರ್ಧ ಗಂಟೆ ಮತ್ತೆ ಹುಡುಗರಿಗೇ ಹೋಗುತ್ತದೆ.

ಸಂಗೀತವೇ ಸರಿಯೇ ಎಂಬ ಪ್ರಶ್ನೆ ಕೆಲವು ಹಿರಿಯರಲ್ಲಿದೆ. ಗಂಟಲು ಮತ್ತು ದಫ್ ಸಾಕು, ಉಳಿದ ವಾದ್ಯ ಬೇಡ ಎನ್ನುವವರಿದ್ದಾರೆ. ಹಾಗಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ದೊಡ್ಡವರು ಶತಮಾನಗಳಿಂದ ಚರ್ಚಿಸುತ್ತಿರುವುದನ್ನು ಹದಿನೇಳು ವರ್ಷದ ನಾನು ಒಂದು ಲೇಖನದಲ್ಲಿ ತೀರ್ಮಾನಿಸಲು ಹೋಗುವುದಿಲ್ಲ. ಬೇಡ ಎನ್ನುವ ಮನೆಯ ಮಕ್ಕಳನ್ನು ಯಾರೂ ಎಳೆದು ತರಬಾರದು, ಅವರನ್ನು ಹಾಸ್ಯವೂ ಮಾಡಬಾರದು. ಕರ್ನಾಟಕದಲ್ಲಿ ಹುಟ್ಟಿದ ನಮಗೆ ಶಿಶುನಾಳದ ಶರೀಫ ಸಾಹೇಬರೂ ಹಿರಿಯರೇ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಅವರ ತತ್ವಪದಗಳನ್ನು ಮೈಸೂರಿನ ಹುಡುಗ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದರು. ಅವರೂ ಶುರು ಮಾಡಿದ್ದು ಮೈಸೂರಿನಲ್ಲಿ ಅಂತರಾಗ್ನಿ ಎಂಬ ಬ್ಯಾಂಡಿನಿಂದ. ಆ ಬ್ಯಾಂಡು ಮುರಿಯಿತು, ಅವರು ಮತ್ತೆ ಕಟ್ಟಿದರು.

ನಮ್ಮ ಮನೆಯ ವಿರೋಧ ಬೇರೆ ರೀತಿಯದು. "ಗಿಟಾರ್ ಬಜಾಯೇ ತೋ ಪೇಟ್ ಭರ್ತಾ ಕ್ಯಾ ರೇ?" ಎಂದು ಅಬ್ಬಾ ಕೇಳುತ್ತಾರೆ. ಹೊಟ್ಟೆ ತುಂಬುತ್ತಾ ಅಂತ. ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಹರಾಜು ಕೂಗಿ, ಸಂಜೆ ನೂಲಿನ ಬೆಲೆ ಬಿದ್ದದ್ದನ್ನು ನೋಡುವ ಮನುಷ್ಯ ಬೇರೆ ಏನು ಕೇಳಬೇಕು? ನಾನು ಸಿ.ಎ. ಓದಬೇಕೆಂದು ಅವರ ಆಸೆ, ನನ್ನದೂ ಅದೇ. ನಮ್ಮ ಬ್ಯಾಂಡು ಮಾರ್ಚಿಗೆ ಮುಗಿಯುತ್ತದೆ, ಅದು ನಮಗೆಲ್ಲ ಗೊತ್ತು. ಒಬ್ಬ ನೀಟ್‌ಗೆ ಕೂರುತ್ತಾನೆ, ಒಬ್ಬ ಅಣ್ಣನ ಅಂಗಡಿಗೆ ಹೋಗುತ್ತಾನೆ. ಎರಡೇ ವರ್ಷ ಬದುಕಿದ ಬ್ಯಾಂಡಿನ ಕೆರಿಯರ್ ವೇಸ್ಟ್ ಎಂದು ಹೇಳುವವರು ಕಬಡ್ಡಿ ತಂಡಕ್ಕೆ ಹಾಗೆ ಹೇಳುವುದಿಲ್ಲ. ಅವರಿಗೆ ಮೈದಾನವಿದೆ, ಪಿ.ಟಿ. ಸರ್ ಇದ್ದಾರೆ, ಸೋತು ಬಂದರೂ ಬಾಳೆಹಣ್ಣು ಕೊಡುತ್ತಾರೆ. ಒಂದು ರಾತ್ರಿ ಅಬ್ಬಾ ಆ ಲೆಕ್ಕದ ನೋಟ್‌ಬುಕ್ ತಿರುವಿ ನೋಡಿದರು. ಸವಕಳಿಯ ಹತ್ತಿರ ಬೆರಳಿಟ್ಟು, "ಇದನ್ನ ನಮ್ಮ ಮೋಟಾರಿಗೂ ಹಾಕಬೇಕಾ?" ಎಂದು ಕೇಳಿದರು. ಗಿಟಾರಿನ ಬಗ್ಗೆ ಏನೂ ಹೇಳಲಿಲ್ಲ.

ಮೇಲಿನ ಮಹಡಿಯ ಹಳೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಈಗ ಕೆಟ್ಟ ಮಾನಿಟರ್‌ಗಳು ಮಾತ್ರ ಇವೆ. ಅದು ಲೈಬ್ರರಿಯಿಂದಲೂ ಪ್ರಾರ್ಥನೆಯ ಕೋಣೆಯಿಂದಲೂ ದೂರ. ಶನಿವಾರ ಜೊಹರ್ ನಮಾಜ್ ಆದ ಮೇಲೆ ಮುಕ್ಕಾಲು ಗಂಟೆ ಸಾಕು. ಆಂಪ್ಲಿಫೈಯರ್ ತರುವುದಿಲ್ಲ. ಬೀಗ ಆಫೀಸಿನಲ್ಲೇ ಇರಲಿ. ಮಾನಿಟರ್‌ಗಳನ್ನು ನಾವೇ ಒಂದು ಕಡೆ ಜೋಡಿಸಿ ಕಸ ಗುಡಿಸುತ್ತೇವೆ. ಇದರಲ್ಲಿ ಯಾವುದಾದರೂ ಶರತ್ತು ಮುರಿದರೆ ಮರುವಾರದಿಂದ ಮುಚ್ಚಿಬಿಡಿ.

ಫಸ್ಟ್ ಪಿಯುವಿನ ಮೂವರು ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಇಬ್ಬರು ಹುಡುಗಿಯರು. ಗಿಟಾರನ್ನು ಅವರಿಗೇ ಬಿಟ್ಟು ಹೋಗುವುದೆಂದು ಐವರೂ ಸಹಿ ಮಾಡಿದ್ದೇವೆ, ಪುಸ್ತಕದಲ್ಲಿ ಅದರ ಬೆಲೆ ಈಗ 2,240. ಮೂರನೇ ತಂತಿ ಸ್ವಲ್ಪ ಸಡಿಲ, ಬದಲಾಯಿಸಿಕೊಳ್ಳಬೇಕು. ಕ್ರೇಟು ಮಾತ್ರ ಕೊಡಲು ಆಗುವುದಿಲ್ಲ. ಗೂಡು ತರಲು ಬೇಕೆಂದು ಅಬ್ಬಾ ಆಗಲೇ ಎರಡು ಸಲ ಕೇಳಿದ್ದಾರೆ.